ಫಲಿತಾಂಶದ ವಾರದಲ್ಲೇ ಹಟ್ಟಿಯಲ್ಲಿ ಸನ್ಮಾನವಾಗಲಿ

ಪ್ರಶ್ನೆ: ನಾನು ಮೊಳಕಾಲ್ಮೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕ. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮ್ಯಾಸನಾಯಕ, ಅಂದರೆ ದನ ಕಾಯುವ ನಾಯಕ ಸಮುದಾಯದವರು. ಈ ಸಲ ಎಸ್‌ಎಸ್‌ಎಲ್‌ಸಿಯಲ್ಲಿ ಮೂವರು ಹೆಣ್ಣುಮಕ್ಕಳು ಶೇ 85ಕ್ಕೂ ಹೆಚ್ಚು ಅಂಕ ಪಡೆದಿದ್ದಾರೆ. ಊರಿನ ಹಿರಿಯರು ವಾಲ್ಮೀಕಿ ಜಯಂತಿಯ ದಿನ ಪ್ರತಿಭಾ ಪುರಸ್ಕಾರ ಮಾಡೋಣ ಎನ್ನುತ್ತಿದ್ದಾರೆ. ಅದು ಶಾಲು, ಹಾರಕ್ಕೆ ಮುಗಿಯದೆ ಮಕ್ಕಳ ಮುಂದಿನ ಓದಿಗೂ ನೆರವಾಗಬೇಕಾದರೆ ಏನು ಮಾಡಬೇಕು?

ಉತ್ತರ: ಮೊದಲು ಆ ಮೂವರು ಮಕ್ಕಳಿಗೂ ಅವರಿಗೆ ಕಲಿಸಿದ ನಿಮಗೂ ಅಭಿನಂದನೆಗಳು. ನನ್ನ ಸಲಹೆ ಮುಖ್ಯವಾಗಿ ಒಂದೇ: ದಿನಾಂಕವನ್ನು ಬದಲಿಸಿ. ವಾಲ್ಮೀಕಿ ಜಯಂತಿ ಬರುವುದು ಆಶ್ವಯುಜ ಹುಣ್ಣಿಮೆಗೆ, ಅಂದರೆ ಬಹುಮಟ್ಟಿಗೆ ಅಕ್ಟೋಬರ್‌ನಲ್ಲಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವುದು ಮೇ ತಿಂಗಳ ಆಸುಪಾಸಿನಲ್ಲಿ. ಈ ನಡುವಿನ ಐದು ತಿಂಗಳಲ್ಲಿ ಪಿಯು ಪ್ರವೇಶ ಮುಗಿದಿರುತ್ತದೆ, ವಿದ್ಯಾರ್ಥಿನಿಲಯದ ಆಯ್ಕೆ ಪಟ್ಟಿ ಹೊರಬಿದ್ದಿರುತ್ತದೆ, ಮನೆಯಲ್ಲಿ ಹುಡುಗಿಯ ಬಗ್ಗೆ ಬೇರೆ ಮಾತುಗಳೂ ಶುರುವಾಗಿರುತ್ತವೆ.

ನಾನು ಚಳ್ಳಕೆರೆಯಲ್ಲಿ ಉಪನ್ಯಾಸಕನಾಗಿದ್ದಾಗ ಇಂಥದ್ದೇ ಒಂದು ಸಮಾರಂಭಕ್ಕೆ ಅತಿಥಿಯಾಗಿ ಹೋಗಿದ್ದೆ. ಶೇಂಗಾ ಕೀಳುವ ಕಾಲ. ಸನ್ಮಾನ ಪಡೆಯಬೇಕಾದ ಹುಡುಗಿಯನ್ನು ಹೊಲದಿಂದಲೇ ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಕೆಮ್ಮಣ್ಣು ಇತ್ತು. ಶಾಲು ಹೊದಿಸಿ, ಗೋಡೆ ಗಡಿಯಾರವೊಂದನ್ನು ಕೈಗಿಟ್ಟು ಫೋಟೊ ತೆಗೆದ ಮೇಲೆ "ಯಾವ ಕಾಲೇಜು ಸೇರಿದ್ದೀಯವ್ವ?" ಎಂದು ಕೇಳಿದೆ. "ಸೇರಿಲ್ಲ ಸಾರ್, ಹಾಸ್ಟೆಲ್ ಸಿಗ್ಲಿಲ್ಲ. ಬರೋ ವರ್ಷ ನೋಡಾನ ಅಂದಾನೆ ಅಣ್ಣ" ಎಂದಳು. ವೇದಿಕೆಯ ಮೇಲಿದ್ದ ನಮ್ಮೆಲ್ಲರಿಗೂ ಅವಳ ಅಂಕ ಗೊತ್ತಿತ್ತು, ಅವಳು ಮನೆಯಲ್ಲಿದ್ದಾಳೆ ಎಂಬುದು ಗೊತ್ತಿರಲಿಲ್ಲ. ಅಂದಿನಿಂದ ತಡವಾದ ಸನ್ಮಾನವನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಫಲಿತಾಂಶ ಬಂದ ವಾರದೊಳಗೆ, ತಾಲ್ಲೂಕು ಕೇಂದ್ರದ ಭವನದಲ್ಲಲ್ಲ, ಹಟ್ಟಿಯ ಗುಡಿಯ ಕಟ್ಟೆಯ ಮುಂದೆಯೇ ಕಾರ್ಯಕ್ರಮ ಮಾಡಿ. ಕೂಲಿ ಬಿಟ್ಟು ಬರಲಾಗದ ತಾಯಂದಿರು ಸಂಜೆ ಅಲ್ಲಿಗೆ ಬರುತ್ತಾರೆ, ಎಂಟನೆಯ ತರಗತಿಯ ಮಕ್ಕಳು ಕಣ್ಣಾರೆ ನೋಡುತ್ತಾರೆ. ಹತ್ತಿರದ ಪಿಯು ಕಾಲೇಜಿನ ಒಬ್ಬ ಉಪನ್ಯಾಸಕರನ್ನೂ ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯದ ವಾರ್ಡನ್‌ರನ್ನೂ ನಾಡಕಚೇರಿಯ ಸಿಬ್ಬಂದಿಯೊಬ್ಬರನ್ನೂ ಅತಿಥಿಗಳಾಗಿ ಕರೆಯಿರಿ. ಭಾಷಣ ಮಾಡದಿದ್ದರೂ ಚಿಂತೆಯಿಲ್ಲ, ಮಕ್ಕಳ ಕಾಗದಪತ್ರಗಳನ್ನು ಅವರು ನೋಡಿದರೆ ಸಾಕು.

ಕಾಗದಪತ್ರದ ಮಾತನ್ನು ನಾನು ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ನಮ್ಮ ಭಾಗದ ಮಕ್ಕಳು ಅಂಕದ ಕೊರತೆಯಿಂದ ಎಡವಿದ್ದಕ್ಕಿಂತ ಹೆಚ್ಚಾಗಿ ಇಲ್ಲಿಯೇ ಎಡವಿದ್ದನ್ನು ಕಂಡಿದ್ದೇನೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ತಂದೆಯ ದಾಖಲೆಯಲ್ಲಿ ಬೇಡ, ಮಗಳ ವರ್ಗಾವಣೆ ಪತ್ರದಲ್ಲಿ ಮ್ಯಾಸನಾಯಕ. ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳು 1991ರ ತಿದ್ದುಪಡಿಯಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ನಾಯ್ಕಡ ಸಮುದಾಯದ ಪರ್ಯಾಯ ನಾಮಗಳಾಗಿ ಸೇರಿವೆ. ಪ್ರಮಾಣಪತ್ರವು ಪಟ್ಟಿಯಲ್ಲಿರುವ ಹೆಸರಿನಲ್ಲಿಯೇ ಇರಬೇಕು. ಜಾತಿ ಪ್ರಮಾಣಪತ್ರವನ್ನು ಒಮ್ಮೆ ಪಡೆದರೆ ಜೀವನಪೂರ್ತಿ ನಡೆಯುತ್ತದೆ, ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿಯಿದೆ. ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿಯಲ್ಲಿ ಈ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ನಮೂದಿಸಬೇಕಾಗುತ್ತದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇವಿಷ್ಟನ್ನೂ ಹತ್ತನೆಯ ತರಗತಿಯಲ್ಲಿರುವಾಗಲೇ ಸರಿಪಡಿಸಿ, ಒಂದು ಗಟ್ಟಿ ಫೈಲಿನಲ್ಲಿ ಜೋಡಿಸಿ, ಸನ್ಮಾನದ ದಿನ ಶಾಲಿನ ಜೊತೆ ಆ ಫೈಲನ್ನೂ ಮಗುವಿನ ಕೈಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಸ್ಮರಣಿಕೆ ಬೇರೆ ಬೇಕಿಲ್ಲ.

ಇನ್ನು ಹಣದ ವಿಷಯ. ಫ್ಲೆಕ್ಸ್ ಮತ್ತು ಶಾಮಿಯಾನಕ್ಕೆ ಎತ್ತಿಟ್ಟ ದುಡ್ಡನ್ನು ಮೊದಲ ವರ್ಷದ ಪುಸ್ತಕ, ಪ್ರಯೋಗಾಲಯದ ಶುಲ್ಕ, ಬಸ್ಸಿನ ಖರ್ಚಿಗೆ ಕೊಡುವಂತೆ ಹಿರಿಯರನ್ನು ಒಪ್ಪಿಸಿ. ವಯನಾಡಿನ ಕುರಿಚಿಯ ಬುಡಕಟ್ಟಿನ ಶ್ರೀಧನ್ಯಾ ಸುರೇಶ್ 2018ರ ನಾಗರಿಕ ಸೇವಾ ಪರೀಕ್ಷೆಯಲ್ಲಿ 410ನೇ ರ‍್ಯಾಂಕ್ ಪಡೆದು ಐಎಎಸ್ ಅಧಿಕಾರಿಯಾದರು. ಅವರ ಹೆತ್ತವರು ಕೂಲಿ ಮಾಡುವವರು. ಸಂದರ್ಶನಕ್ಕೆ ದೆಹಲಿಗೆ ಹೋಗಲು ಕೈಯಲ್ಲಿ ಹಣವಿಲ್ಲದಿದ್ದಾಗ ಸ್ನೇಹಿತರು ಸೇರಿಸಿ ಕೊಟ್ಟರು. ಗೆದ್ದ ಮೇಲೆ ಹಾರ ಹಾಕಲು ಬಂದವರು ಬಹಳ ಮಂದಿ ಇದ್ದಾರು. ಗೆಲ್ಲುವ ಮೊದಲು ರೈಲಿನ ಖರ್ಚು ಹೊಂದಿಸಿದ ಆ ಸ್ನೇಹಿತರನ್ನು ನಿಮ್ಮ ಹಟ್ಟಿಯವರಿಗೆ ಪರಿಚಯಿಸಿ. ವಾಲ್ಮೀಕಿ ಜಯಂತಿಯನ್ನೂ ಬಿಡಬೇಕಿಲ್ಲ. ಅಂದು ಆ ಮೂವರು ಮಕ್ಕಳೇ ಬಂದು ಕಾಲೇಜಿನಲ್ಲಿ ಏನು ಓದುತ್ತಿದ್ದೇವೆಂದು ಹಟ್ಟಿಯ ಮುಂದೆ ಹೇಳಲಿ.

ಪ್ರಶ್ನೆ: ನಾಯಕನಹಟ್ಟಿ ಹೋಬಳಿಯವನು ನಾನು. ನಮ್ಮ ತಂದೆ ದೇವರ ಎತ್ತು ಕಾಯುವ ಕಿಲಾರಿಯಾಗಿದ್ದರು. ದನ ಮೇಯುತ್ತಿದ್ದ ಕಾವಲಿಗೆ ಈಗ ಗೋಡೆ ಬಂದಿದೆ. ಮಗ ಐಟಿಐ ಮುಗಿಸಿದ್ದಾನೆ, ಮಗಳು ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಆ ಗೋಡೆಯ ಒಳಗೆ ನಮ್ಮ ಮಕ್ಕಳಿಗೆ ಕೆಲಸ ಸಿಕ್ಕೀತೆ?

ಉತ್ತರ: ನಿಮ್ಮ ಪ್ರಶ್ನೆಯ ಹಿಂದಿರುವ ನೋವು ನನಗೆ ಅರ್ಥವಾಗುತ್ತದೆ. ಅಮೃತಮಹಲ್ ಕಾವಲುಗಳು ಮ್ಯಾಸನಾಯಕರಿಗೂ ಕಾಡುಗೊಲ್ಲರಿಗೂ ಬರೀ ಹುಲ್ಲುಗಾವಲಾಗಿರಲಿಲ್ಲ. ಅಲ್ಲಿ ಈಗ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ, ಅದು 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಭಾಭಾ ಅಣು ಸಂಶೋಧನಾ ಕೇಂದ್ರಕ್ಕೂ ಇಸ್ರೊಗೂ ಜಾಗ ಕೊಡಲಾಗಿದೆ. 2023ರ ಏಪ್ರಿಲ್ 2ರಂದು ಇಸ್ರೊ ತನ್ನ ಮರುಬಳಕೆಯ ಉಡ್ಡಯನ ವಾಹನವನ್ನು ಹೆಲಿಕಾಪ್ಟರ್‌ನಿಂದ ಕೆಳಕ್ಕೆ ಬಿಟ್ಟು, ಅದು ತಾನಾಗಿಯೇ ಇಳಿಯುವಂತೆ ಮಾಡಿದ್ದು ನಿಮ್ಮೂರಿನ ಈ ರನ್‌ವೇಯ ಮೇಲೆಯೇ. 2024ರಲ್ಲಿ ಮತ್ತೆರಡು ಬಾರಿ ಆ ಪ್ರಯೋಗ ನಡೆಯಿತು.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು: ಈ ಸಂಸ್ಥೆಗಳ ಕಾಯಂ ಹುದ್ದೆಗಳು ಊರಿನವರೆಂಬ ಕಾರಣಕ್ಕೆ ಸಿಗುವುದಿಲ್ಲ, ಅವು ದೇಶಮಟ್ಟದ ಪರೀಕ್ಷೆಯಿಂದ ತುಂಬುವಂಥವು. ಗೇಟಿನ ಬಳಿ ಕಾಯುವುದರಿಂದಾಗಲೀ, ಯಾರಾದರೂ ಹಣ ಕೇಳಿದರೆ ಕೊಡುವುದರಿಂದಾಗಲೀ ಆಗುವಂಥದ್ದೇನೂ ಇಲ್ಲ. ಆದರೆ ಪರೀಕ್ಷೆಯ ಬಾಗಿಲು ನಿಮ್ಮ ಇಬ್ಬರು ಮಕ್ಕಳಿಗೂ ತೆರೆದೇ ಇದೆ. ಡಿಆರ್‌ಡಿಒ ತನ್ನ ತಂತ್ರಜ್ಞ ಹುದ್ದೆಗಳಿಗೆ ಐಟಿಐ ಆದವರನ್ನು ಸೆಪ್ಟಾಮ್ ಎಂಬ ತನ್ನ ನೇಮಕಾತಿ ಕೇಂದ್ರ ನಡೆಸುವ ಪರೀಕ್ಷೆಯ ಮೂಲಕ ಆರಿಸುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರವು ಸ್ಟೈಪೆಂಡ್ ಕೊಟ್ಟು ತರಬೇತಿ ನೀಡುವ ಯೋಜನೆಯಲ್ಲಿ ಎರಡು ವರ್ಗಗಳಿವೆ: ಮೊದಲನೆಯದು ಡಿಪ್ಲೊಮಾ ಮತ್ತು ಬಿಎಸ್‌ಸಿ ಆದವರಿಗೆ, ಎರಡನೆಯದು ಐಟಿಐ ಅಥವಾ ವಿಜ್ಞಾನದ ಪಿಯುಸಿ ಆದವರಿಗೆ. ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಪರಿಶಿಷ್ಟ ಪಂಗಡಕ್ಕೆ ಶೇ 7.5ರಷ್ಟು ಮೀಸಲಾತಿಯೂ ಗರಿಷ್ಠ ವಯಸ್ಸಿನಲ್ಲಿ ಐದು ವರ್ಷದ ಸಡಿಲಿಕೆಯೂ ಇದೆ. ಇದಕ್ಕೆ ಜಾತಿ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲಿ ಬೇಕಾಗುತ್ತದೆ, ಮರೆಯದೆ ಈಗಲೇ ಮಾಡಿಸಿಡಿ. ರಾಜ್ಯದ ಹುದ್ದೆಗಳಲ್ಲಿ ಮತ್ತು ವೃತ್ತಿಶಿಕ್ಷಣದ ಸೀಟುಗಳಲ್ಲಿ ಈ ಪ್ರಮಾಣವನ್ನು 2022ರಲ್ಲಿ ಶೇ 3ರಿಂದ 7ಕ್ಕೆ ಏರಿಸಲಾಯಿತು.

ಮಗನ ಕೈಕೆಲಸ ಇನ್ನಷ್ಟು ಹದವಾಗಬೇಕೆಂದರೆ ಹರಿಹರದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ ವಿಚಾರಿಸಲಿ. ಯಂತ್ರದ ಮುಂದೆ ನಿಂತು ಕಲಿಸುವ ಜಾಗ ಅದು. ಐಟಿಐ ಆದವರು ಕಂಪ್ಯೂಟರಿನಿಂದ ನಡೆಯುವ ಸಿಎನ್‌ಸಿ ಯಂತ್ರದಲ್ಲಿ ಪಳಗಿದರೆ ಸರ್ಕಾರಿ ಅಧಿಸೂಚನೆಯನ್ನೇ ಕಾಯುತ್ತ ಕೂರಬೇಕಾಗಿಲ್ಲ.

ಮಗಳ ವಿಷಯದಲ್ಲಿ ನನಗೆ ಬೇರೊಂದು ಯೋಚನೆಯೂ ಬಂತು. ಎಲ್ಲರೂ ಎಂಜಿನಿಯರಿಂಗ್ ಎಂದೇ ಹೇಳುತ್ತಿರಬಹುದು, ಚಳ್ಳಕೆರೆಯಲ್ಲಿಯೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಅದು ಒಳ್ಳೆಯ ದಾರಿಯೇ. ಆದರೆ ಕಿಲಾರಿಯ ಮೊಮ್ಮಗಳು ಅವಳು. ಯಾವ ದನ ಯಾವ ಕಾಲದಲ್ಲಿ ಮೇವು ಬಿಡುತ್ತದೆ, ಹೋರಿಯ ಲಕ್ಷಣವೇನು, ಬರದಲ್ಲಿ ಮಂದೆಯನ್ನು ಹೇಗೆ ಉಳಿಸಬೇಕು ಎಂಬುದನ್ನೆಲ್ಲ ಅಜ್ಜನ ಬಾಯಿಂದ ಕೇಳಿ ಬೆಳೆದವಳು. ಅಂಥವಳು ಪಶುವೈದ್ಯೆಯಾದರೆ ಆ ತಿಳಿವಳಿಕೆಗೆ ವಿಜ್ಞಾನದ ಬಲ ಸಿಗುತ್ತದೆ. ಪಶುವೈದ್ಯಕೀಯ, ಕೃಷಿ, ತೋಟಗಾರಿಕೆ ಪದವಿಗಳಿಗೆ ಕೃಷಿಕರ ಮಕ್ಕಳ ಕೋಟಾ ಪ್ರತ್ಯೇಕವಾಗಿದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಆಯ್ಕೆ ಅವಳದೇ ಆಗಿರಲಿ, ಆದರೆ ಈ ದಾರಿ ಅವಳ ಕಣ್ಣಿಗೆ ಬಿದ್ದಿರಲಿ.

ಪ್ರಶ್ನೆ: ನಾನು ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಯ ಬಿ.ಎ. ವಿದ್ಯಾರ್ಥಿನಿ. ಕಾಡುಗೊಲ್ಲರಾದ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಇನ್ನೂ ಈಡೇರಿಲ್ಲ. ಅಲ್ಲಿಯವರೆಗೆ ನಮಗೆ ಯಾವ ಸೌಲಭ್ಯವಿದೆ?

ಉತ್ತರ: ಬೇಡಿಕೆಗಾಗಿ ಹಿರಿಯರು ಹೋರಾಡಲಿ, ನಿಮ್ಮ ಅರ್ಜಿಗಳು ಅದಕ್ಕಾಗಿ ಕಾಯಬಾರದು. ರಾಜ್ಯದಲ್ಲಿ ನೀವು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದೀರಿ, ಈ ಪ್ರವರ್ಗದ ಮೀಸಲಾತಿಗೆ ಕೆನೆಪದರದ, ಅಂದರೆ ಆದಾಯದ ಮಿತಿ ಇಲ್ಲ. ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದವರಿಗೆ ಊಟ ಮತ್ತು ವಸತಿಯ ನೆರವು ನೀಡುವ ವಿದ್ಯಾಸಿರಿ ಯೋಜನೆಯಿದೆ. ನಿಮ್ಮ ತಮ್ಮನೋ ತಂಗಿಯೋ ಸಿಇಟಿ ಮೂಲಕ ವೃತ್ತಿಶಿಕ್ಷಣ ಸೇರಿದರೆ ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮಗಳ ಅರಿವು ಶಿಕ್ಷಣ ಸಾಲ ಶೇ 2ರ ಬಡ್ಡಿಯಲ್ಲಿ ದೊರೆಯುತ್ತದೆ.

ನೀವು ಬಿ.ಎ. ಓದುತ್ತಿರುವುದರಿಂದ ಇನ್ನೊಂದು ಮಾತು. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೂ ಸಾವಿರಾರು ಪದಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು, ವಿದ್ವಾಂಸರು ಹಟ್ಟಿಗೇ ಬಂದು ಅವನ್ನು ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವೇ ಇದೆ. ಚಿತ್ರದುರ್ಗದ ಬಳಿಯ ಜ್ಞಾನಗಂಗೋತ್ರಿಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದೆ. ನಿಮ್ಮ ಅಜ್ಜಿಯ ಪದಗಳನ್ನು ಇನ್ನೊಬ್ಬರು ಬಂದು ಬರೆದುಕೊಳ್ಳುವ ಬದಲು ನೀವೇ ಸಂಶೋಧಕಿಯಾಗಿ ಬರೆಯುವ ದಿನ ಬರಲಿ ಎಂದು ನನಗೆ ಬಹಳ ಆಸೆಯಿದೆ.

ಪ್ರಶ್ನೆ: ನಾನು ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಯುವಕ. ದ್ವಿತೀಯ ಪಿಯುಸಿಯಲ್ಲಿ ಎರಡು ವಿಷಯ ಉಳಿದುಕೊಂಡಿದ್ದಾಗಲೇ ಮನೆಯವರ ಜೊತೆ ತಲೆಗೂದಲಿನ ಎಣ್ಣೆ ಮಾರಲು ಸುಡಾನ್‌ಗೆ ಹೋದೆ. 2023ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಮರಳಿದೆ. ಮತ್ತೆ ಓದಬಹುದೆ?

ಉತ್ತರ: ಖಂಡಿತ ಓದಬಹುದು, ಅದೂ ಬಹಳ ಸಲೀಸಾಗಿ. ಆ ಏಪ್ರಿಲ್‌ನಲ್ಲಿ ಭಾರತೀಯರನ್ನು ಸುಡಾನ್‌ನಿಂದ ಕರೆತಂದ ಆಪರೇಷನ್ ಕಾವೇರಿಯ ಮೂಲಕ ನಿಮ್ಮ ಸಮುದಾಯದ ಅನೇಕರು ಊರು ಸೇರಿದ್ದನ್ನು ನಾವೆಲ್ಲ ಆತಂಕದಿಂದ ನೋಡಿದ್ದೆವು. ಅಂಥ ಅಪಾಯವನ್ನು ದಾಟಿ ಬಂದವರಿಗೆ ಎರಡು ವಿಷಯ ದೊಡ್ಡದಲ್ಲ. ಉಳಿದ ವಿಷಯಗಳಿಗೆ ನಿಮ್ಮ ಹಳೆಯ ಕಾಲೇಜಿನ ಮೂಲಕವೇ ಪುನರಾವರ್ತಿತ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಒಂದು ತಪ್ಪಿದರೂ ವರ್ಷವಿಡೀ ಕಾಯಬೇಕಿಲ್ಲ. ಅದಾಗದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಮ್ಮೆ ನೋಂದಾಯಿಸಿ ಐದು ವರ್ಷದೊಳಗೆ ಒಂಬತ್ತು ಅವಕಾಶಗಳಲ್ಲಿ ಮುಗಿಸಬಹುದು. ಆಮೇಲೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ವ್ಯಾಪಾರ ನಡೆಸುತ್ತಲೇ ಬಿ.ಕಾಂ. ಓದಬಹುದು.

ಬಿ.ಕಾಂ. ಎಂದದ್ದಕ್ಕೆ ಕಾರಣವಿದೆ. ಮನೆಯಲ್ಲಿ ವಾಗ್ರಿ, ಊರಲ್ಲಿ ಕನ್ನಡ, ದಾರಿಯಲ್ಲಿ ಹಿಂದಿ, ಹೊರದೇಶದಲ್ಲಿ ಅಲ್ಲಿನ ಮಾತು ಎಂದು ನಾಲ್ಕು ಭಾಷೆಯಲ್ಲಿ ವ್ಯವಹರಿಸುವ ಇಪ್ಪತ್ತರ ಹರೆಯದವರು ಪದವೀಧರರಲ್ಲಿಯೂ ಅಪರೂಪ. ನಿಮ್ಮವರಿಗೆ ಇಲ್ಲದಿರುವುದು ಜಾಣ್ಮೆಯಲ್ಲ, ವ್ಯಾಪಾರಕ್ಕೆ ಕಾನೂನಿನ ಆಸರೆ. ಎಣ್ಣೆ ತಯಾರಿಸಿ ಮಾರಲು ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಪರವಾನಗಿ ಬೇಕು, ಹೊರದೇಶಕ್ಕೆ ಕಳುಹಿಸಲು ಆಮದು ರಫ್ತು ಸಂಕೇತ ಸಂಖ್ಯೆ ಬೇಕು. ಇವೆರಡನ್ನೂ ತಿಳಿದ ಒಬ್ಬ ಹುಡುಗ ಕ್ಯಾಂಪಿನಲ್ಲಿದ್ದರೆ ಮನೆಮಂದಿಯೆಲ್ಲ ಪ್ರಾಣವನ್ನು ಪಣಕ್ಕಿಟ್ಟು ಅಲೆಯುವ ಬದಲು ಸರಕು ಮಾತ್ರ ಹಡಗು ಹತ್ತುವಂತೆ ಮಾಡಬಹುದು. ಈ ವಾರವೇ ಹಳೆಯ ಹಾಲ್‌ಟಿಕೆಟ್ ಹುಡುಕಿಕೊಂಡು ಕಾಲೇಜಿಗೆ ಹೋಗಿ, ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟುವ ಕೊನೆಯ ದಿನ ಯಾವುದೆಂದು ಕೇಳಿ.