ನಗಿಸುವ ಪದ್ಯಕ್ಕೆ ನೀತಿ ಕೇಳಬೇಡಿ

ಹಾಸ್ಯ ಪದ್ಯ, ಚಿತ್ರ, ತರಗತಿ ಅಂತ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಈ ಸಲ ಸ್ವಲ್ಪ ಉದ್ದಕ್ಕೇ ಉತ್ತರಿಸುತ್ತೇನೆ.

ಪ್ರಶ್ನೆ: ನಾನು ನಲಿಕಲಿ ಶಿಕ್ಷಕಿ. ಚಿತ್ರ ತೋರಿಸುತ್ತಾ ಹಾಸ್ಯ ಪದ್ಯ ಓದುತ್ತೇನೆ. ಮಕ್ಕಳು ಒಂದು ಸಲ ನಕ್ಕು ಸುಮ್ಮನಾಗುತ್ತಾರೆ. ನೀತಿ ಏನು ಅಂದರೆ ಉತ್ತರವೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ನೀತಿ ಕೇಳುವುದನ್ನು ಬಿಡಿ. ನಗುತ್ತಿದ್ದ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ಏನು ಕಲಿತೆ?’ ಅಂದರೆ ನಗು ಎಲ್ಲಿ ಉಳಿಯುತ್ತೆ? ಮುಂದಿನ ಸಲ ಪದ್ಯ ಶುರುವಾದ ಕೂಡಲೇ ಅದು ಬೆಂಚಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತದೆ.

ಇನ್ನೊಂದು ತೊಂದರೆ, ಚಿತ್ರ ತೋರಿಸುವ ಹೊತ್ತು. ಮೊದಲೇ ತೋರಿಸಿಬಿಟ್ಟರೆ ಮಕ್ಕಳು ತಾವೇ ಊಹಿಸಿಕೊಳ್ಳಲು ಏನು ಉಳಿಯುತ್ತೆ? ಬಂಗಾಳದ ಸುಕುಮಾರ್ ರಾಯ್ ಅವರನ್ನೇ ನೋಡಿ. ಪದ್ಯವೂ ಅವರದೇ, ಚಿತ್ರವೂ ಅವರದೇ. 1923ರಲ್ಲಿ ಅವರು ತೀರಿಕೊಂಡ ಕೆಲವೇ ದಿನಕ್ಕೆ ಹೊರಬಂದ ‘ಆಬೋಲ್ ತಾಬೋಲ್’ ಎಂಬ ಪದ್ಯಸಂಕಲನದಲ್ಲಿ ಬಾತುಕೋಳಿಯೂ ಮುಳ್ಳುಹಂದಿಯೂ ಸೇರಿ ಒಂದೇ ಪ್ರಾಣಿಯಾಗುವ ಪದ್ಯವಿದೆ. ವ್ಯಾಕರಣ ಗೀಕರಣ ನಾನು ಒಪ್ಪಲ್ಲ ಅಂತ ಕವಿ ಕಂಸದೊಳಗೇ ಹೇಳಿಬಿಡುತ್ತಾರೆ. ಅದೇ ಪದ್ಯದಲ್ಲಿ ಆನೆಯೂ ತಿಮಿಂಗಿಲವೂ ಒಂದಾಗಿವೆ. ತಿಮಿಂಗಿಲಕ್ಕೆ ನೀರಿಗೆ ಹೋಗುವ ಆಸೆ, ಆನೆಗೆ ಕಾಡಿಗೆ. ಇದಕ್ಕೆ ಯಾವ ನೀತಿ ಹುಡುಕ್ತೀರಿ?

ಇಂಥದ್ದನ್ನು ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಲ್ಲೇ ಹೇಳಿ. ಸ್ಲೇಟು ಕೊಟ್ಟು ಬಾತು-ಮುಳ್ಳುಹಂದಿ ಬರೀರಿ ಅನ್ನಿ. ಮುಳ್ಳು ಎಲ್ಲಿಂದ ಶುರು, ಕೊಕ್ಕು ಇರಬೇಕಾ, ಈಜುವಾಗ ಚುಚ್ಚಲ್ವಾ ಅಂತ ಜಗಳ ಹತ್ತುತ್ತದೆ. ಹತ್ತಲಿ. ಆಮೇಲೆ ಪುಸ್ತಕ ಬಿಡಿಸಿ. ‘ನಂದೇ ಚೆನ್ನಾಗಿದೆ ಟೀಚರ್’ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಇನ್ನೊಂದು ಸಲ ಓದಿ ಅಂತ ಅವರೇ ಕೇಳುತ್ತಾರೆ.

ಕೆಲವು ಪದ್ಯಗಳಲ್ಲಿ ತಮಾಷೆ ಇರುವುದೇ ಚಿತ್ರದಲ್ಲಿ. ಅಜ್ಜ ಹಾಯಾಗಿ ಕೂತಿದ್ದಾರೆ ಅಂತ ಸಾಲು ಹೇಳುತ್ತದೆ, ಚಿತ್ರದಲ್ಲಿ ಬೆಕ್ಕು ಅವರ ತಲೆಮೇಲೆ ಮೊಸರಿನ ಗಡಿಗೆ ಬೀಳಿಸುತ್ತಿರುತ್ತದೆ. ಅಲ್ಲಿ ಚಿತ್ರ ಮೊದಲು. ಯಾವ ಪದ್ಯ ಎಂಥದ್ದು ಅಂತ ಮನೆಯಲ್ಲೇ ಓದಿಕೊಂಡು ಬನ್ನಿ. ತರಗತಿಯಲ್ಲೇ ಮೊದಲ ಸಲ ಪುಸ್ತಕ ಬಿಡಿಸುವವರಿಗೆ ನನ್ನ ಹತ್ತಿರ ಸಲಹೆ ಇಲ್ಲ.

ದಪ್ಪಗಿರುವವರನ್ನು, ತೊದಲುವವರನ್ನು ಆಡಿಕೊಳ್ಳುವ ಪದ್ಯಗಳನ್ನು ಮಾತ್ರ ನಾನು ಓದುವುದೇ ಇಲ್ಲ. ಪದ್ಯ ಮುಗಿಯುವಷ್ಟರಲ್ಲಿ ಯಾರಿಗೋ ಒಬ್ಬರಿಗೆ ಅಡ್ಡಹೆಸರು ಅಂಟಿರುತ್ತದೆ. ಅತಿ ಜಾಗ್ರತೆ ಅನ್ನಿಸಿದರೆ ಅನ್ನಿಸಲಿ.

ಪ್ರಶ್ನೆ: ಪ್ರಾಸಪದ್ಯ ಕಂಠಪಾಠ ಮಾಡಿಸಿ ಮೆದುಳು ಚುರುಕು ಮಾಡ್ತೀವಿ ಅಂತ ಕ್ಲಾಸ್ ನಡೆಸುವವರೊಬ್ಬರು ಫೀಸು ಕೇಳುತ್ತಿದ್ದಾರೆ. ಸೇರಿಸಲಾ?

ಉತ್ತರ: ಬೇಡ. ಇದು ಶುದ್ಧ ವ್ಯಾಪಾರ. ಆ ದುಡ್ಡಲ್ಲಿ ಚಿತ್ರಪುಸ್ತಕ ಕೊಳ್ಳಿ.

ಪ್ರಶ್ನೆ: ಯೂಟ್ಯೂಬ್ ಹಾಕಿದರೆ ಸಾಲದಾ?

ಉತ್ತರ: ಚಿತ್ರ ತಾನೇ ಕುಣಿಯುತ್ತಿದ್ದರೆ ಸ್ಲೇಟು ಮುಟ್ಟುವವರು ಯಾರು?

ಪ್ರಶ್ನೆ: ನಲವತ್ತು ಮಕ್ಕಳಿಗೆ ಒಂದೇ ಪುಸ್ತಕ. ಹಿಂದೆ ಕೂತವರಿಗೆ ಚಿತ್ರ ಕಾಣಲ್ಲ.

ಉತ್ತರ: ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ. ಚಿತ್ರ ಬರೆಯಲು ಬರಲ್ವಾ? ಇನ್ನೂ ಒಳ್ಳೆಯದಾಯಿತು, ಜಾಸ್ತಿ ನಗುತ್ತಾರೆ.