ಟೈಪ್ ರೇಟಿಂಗ್ ಇರುವ ಫಸ್ಟ್ ಆಫೀಸರ್ ತಾನು ಹಾರಿಸಿದ ಲೆಗ್ಗನ್ನು ಪಿಐಸಿ ಎಂದು ಬರೆದುಕೊಳ್ಳಬಹುದೇ?

ಬರೆದುಕೊಳ್ಳಬಹುದು ಎಂದು ನಿಮ್ಮ ಗೆಳೆಯ ಹೇಳಿದ್ದು ನಿಜ. ಹಾಗೆ ಬರೆದದ್ದಕ್ಕೆ ನಿಮ್ಮ ಕ್ಯಾಪ್ಟನ್ ಗದರಿದ್ದೂ ಸುಮ್ಮನೆ ಅಲ್ಲ.

ಅಮೆರಿಕದ ರೀಜನಲ್ ಏರ್‌ಲೈನ್ ಒಂದರಲ್ಲಿ ಎಂಬ್ರೇಯರ್ 175 ಹಾರಿಸುತ್ತಿದ್ದೀರಿ. ಎಟಿಪಿ (ಏರ್‌ಲೈನ್ ಪೈಲಟ್ ದರ್ಜೆಯ) ಲೈಸೆನ್ಸ್ ಇದೆ, ಆ ವಿಮಾನದ ಟೈಪ್ ರೇಟಿಂಗೂ (ಆ ಮಾದರಿಯನ್ನು ಹಾರಿಸುವ ಅರ್ಹತೆ) ಇದೆ. ನಿಮ್ಮ ಪಾಲಿಗೆ ಬಂದ ಲೆಗ್‌ಗಳ (ಒಂದು ಊರಿಂದ ಇನ್ನೊಂದಕ್ಕೆ ಒಂದೊಂದು ಹಾರಾಟದ) 140 ಗಂಟೆಯನ್ನು ಲಾಗ್‌ಬುಕ್ಕಿನ ಪಿಐಸಿ, ಅಂದರೆ ಪೈಲಟ್ ಇನ್ ಕಮಾಂಡ್, ಕಾಲಂಗೆ ಸೇರಿಸಿ, ಈಗ ಸರಿಯೋ ತಪ್ಪೋ ಎಂದು ಕೇಳುತ್ತಿದ್ದೀರಿ. ನಾನೂ ನಾಲ್ಕು ವರ್ಷ ಅದೇ ಬಲಗಡೆಯ ಫಸ್ಟ್ ಆಫೀಸರ್ (ಕೋ-ಪೈಲಟ್) ಸೀಟಿನಲ್ಲಿ ಕೂತವನು. ಇದೇ ಕೆಲಸ ಮಾಡಿ ಒಮ್ಮೆ ಇಂಗು ತಿಂದ ಮಂಗನಂತಾದವನು.

ಗೊಂದಲಕ್ಕೆ ಕಾರಣ, ಪಿಐಸಿ ಎಂಬ ಒಂದೇ ಮಾತಿಗೆ ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳಲ್ಲಿ ಎರಡು ಕಡೆ ಎರಡು ಲೆಕ್ಕ ಇರುವುದು. ಭಾಗ 1ರಲ್ಲಿ ಅದರ ಅರ್ಥ ಕೊಟ್ಟಿದ್ದಾರೆ: ಹಾರಾಟದ ಕೊನೆಯ ಮಾತು ಮತ್ತು ಸುರಕ್ಷತೆಯ ಹೊಣೆ ಯಾರದೋ ಅವರೇ ಪಿಐಸಿ. ಏರ್‌ಲೈನ್‌ನಲ್ಲಿ ಅದು ಕ್ಯಾಪ್ಟನ್, ಬೇರೆ ಮಾತೇ ಇಲ್ಲ. ಇನ್ನೊಂದು 61.51ನೇ ನಿಯಮದ ‘ಇ’ ಉಪವಿಭಾಗ. ಅದು ಹೊಣೆಯ ವಿಷಯ ಎತ್ತುವುದೇ ಇಲ್ಲ, ಲಾಗ್‌ಬುಕ್ಕಿನಲ್ಲಿ ಏನು ಬರೆಯಬಹುದು ಎಂದಷ್ಟೇ ಹೇಳುತ್ತದೆ. ನಿಮಗೆ ರೇಟಿಂಗ್ ಇರುವ ವಿಮಾನದ ನಿಯಂತ್ರಣ ನಿಮ್ಮೊಬ್ಬರ ಕೈಯಲ್ಲೇ ಇದ್ದಷ್ಟು ಹೊತ್ತನ್ನು ಪಿಐಸಿ ಎಂದು ಬರೆದುಕೊಳ್ಳಬಹುದು. ಅದೇ ಹೊತ್ತಿನಲ್ಲಿ ಕ್ಯಾಪ್ಟನ್ನರೂ ಬರೆದುಕೊಳ್ಳುತ್ತಾರೆ, ಏಕೆಂದರೆ ಎಟಿಪಿ ಬೇಕೇಬೇಕಾದ ಹಾರಾಟದ ಹೊಣೆ ಹೊತ್ತವರಿಗೆ ಇಡೀ ಸಮಯ ಸಲ್ಲುತ್ತದೆ. ಒಂದೇ ವಿಮಾನ, ಒಂದೇ ಗಳಿಗೆ, ಇಬ್ಬರ ಪುಸ್ತಕದಲ್ಲೂ ಪಿಐಸಿ. ವಿಚಿತ್ರ ಅನಿಸಿದರೂ ಕಾನೂನು ಹಾಗೇ ಇದೆ.

ಆಟೋಪೈಲಟ್ ಹಾಕಿದ ಮೇಲೆ ‘ಕೈಯಲ್ಲಿದೆ’ ಎನ್ನಬಹುದೇ ಎಂದು ಹಲವರು ಕೇಳುತ್ತಾರೆ. ಅನ್ನಬಹುದು. ಅದನ್ನು ನಡೆಸುತ್ತಿರುವವರು ನೀವಾದರೆ ಲೆಕ್ಕ ನಿಮ್ಮದೇ.

ಆದರೆ ಟ್ಯಾಕ್ಸಿ, ಅಂದರೆ ವಿಮಾನ ನೆಲದ ಮೇಲೆ ಸಾಗುವ ಹೊತ್ತನ್ನು ನೋಡಿ, ಇಲ್ಲೇ ಹೆಚ್ಚಿನವರು ಎಡವುವುದು. ನಿಮ್ಮ ವಿಮಾನದಲ್ಲಿ ನೆಲದ ಮೇಲೆ ಮೂತಿಯ ಚಕ್ರ ತಿರುಗಿಸುವ ಟಿಲ್ಲರ್ ಇರುವುದು ಎಡಗಡೆ ಮಾತ್ರ. ಗೇಟಿನಿಂದ ರನ್‌ವೇ ತಲೆಯವರೆಗೆ ಓಡಿಸುವವರು ಕ್ಯಾಪ್ಟನ್. ಅಲ್ಲಿ ‘ಯುವರ್ ಏರ್‌ಪ್ಲೇನ್’ ಎಂದು ನಿಮಗೆ ಒಪ್ಪಿಸುತ್ತಾರೆ. ಇಳಿದು ವೇಗ ತಗ್ಗಿದ ಮೇಲೆ ಮತ್ತೆ ಅವರೇ ತಗೊಳ್ಳುತ್ತಾರೆ. ಬ್ಲಾಕ್ ಟೈಮ್ (ಗೇಟಿನಿಂದ ಗೇಟಿಗೆ ಹಿಡಿದ ಸಮಯ) 1.8 ಗಂಟೆ, ಅದರಲ್ಲಿ ಟ್ಯಾಕ್ಸಿಗೆ 0.3 ಹೋಗಿದೆ ಅಂದುಕೊಳ್ಳಿ. ನಿಮಗೆ ದಕ್ಕುವುದು 1.5 ಮಾತ್ರ. ಇಡೀ 1.8 ಬರೆದಿದ್ದರೆ ಅಷ್ಟರ ಮಟ್ಟಿಗೆ ನಿಮ್ಮ ಗೆಳೆಯನ ವಾದವೂ ಕೈಕೊಡುತ್ತದೆ.

ನಿಮ್ಮ ರೇಟಿಂಗ್ ಪೂರ್ತಿಯದ್ದೇ ಎಂದು ಲೈಸೆನ್ಸಿನ ಹಿಂಭಾಗ ಒಮ್ಮೆ ತಿರುಗಿಸಿ ನೋಡಿಕೊಳ್ಳಿ. ‘ಎಸ್‌ಐಸಿ ಪ್ರಿವಿಲೇಜಸ್ ಓನ್ಲಿ’ (ಎಸ್‌ಐಸಿ ಅಂದರೆ ಸೆಕೆಂಡ್ ಇನ್ ಕಮಾಂಡ್; ಕೋ-ಪೈಲಟ್ ಆಗಿ ಮಾತ್ರ) ಎಂದಿದ್ದರೆ ಇಷ್ಟೂ ಚರ್ಚೆ ವ್ಯರ್ಥ, ಪಿಐಸಿ ಬರೆಯುವಂತಿಲ್ಲ. ಅಮೆರಿಕದ ಕೋ-ಪೈಲಟ್‌ಗಳು ಹೊರದೇಶಕ್ಕೆ ಹಾರಿದಾಗ ‘ರೇಟಿಂಗ್ ಎಲ್ಲಿ’ ಎಂಬ ಪ್ರಶ್ನೆ ಬರುತ್ತಿತ್ತು. ಅದಕ್ಕೆಂದೇ 2005ರಲ್ಲಿ ತಂದ ಅರೆ ರೇಟಿಂಗ್ ಅದು. ಏರ್‌ಲೈನ್‌ನವರಿಗೆ ಈಗ ಆ ತೊಂದರೆ ಕಡಿಮೆ. 2013ರಿಂದ ಫಸ್ಟ್ ಆಫೀಸರ್‌ಗೂ ಎಟಿಪಿ ಮತ್ತು ಪೂರ್ತಿ ಟೈಪ್ ರೇಟಿಂಗ್ ಕಡ್ಡಾಯ. 2009ರ ಫೆಬ್ರವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತ ಮೇಲೆ ಬಂದ ಕಾಯ್ದೆಯ ಫಲ ಇದು. ಅದಕ್ಕೂ ಮೊದಲು ಕಮರ್ಷಿಯಲ್ ಲೈಸೆನ್ಸ್ ಸಾಕಿತ್ತು. ಟೈಪ್ ರೇಟಿಂಗ್ ಇಲ್ಲದವರಿಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇನ್ನು ನನ್ನ ಕಥೆ. ದೊಡ್ಡ ಏರ್‌ಲೈನ್ ಒಂದರ ಇಂಟರ್ವ್ಯೂಗೆ ಹೋಗಿದ್ದೆ. ಎದುರು ಕೂತವರು ನಿವೃತ್ತಿಗೆ ಹತ್ತಿರವಾದ ಕ್ಯಾಪ್ಟನ್. ಮಾತಿಲ್ಲದೆ ಲಾಗ್‌ಬುಕ್ ತಿರುವುತ್ತಾ ಹೋದರು. ಟರ್ಬೈನ್ (ಜೆಟ್‌ನಂಥ ಎಂಜಿನ್ನಿನ ವಿಮಾನದ) ಪಿಐಸಿ ಎಂದು ನಾನು ಹೆಮ್ಮೆಯಿಂದ ಬರೆದಿದ್ದ ಮೊತ್ತದ ಮೇಲೆ ಬೆರಳಿಟ್ಟು, “ಈ ಹಾರಾಟಗಳ ಡಿಸ್‌ಪ್ಯಾಚ್ ರಿಲೀಸ್‌ಗೆ ಸಹಿ ಹಾಕಿದ್ದು ಯಾರು?” ಎಂದರು. ಹಾರಾಟ ಹೊರಡಲು ಅನುಮತಿ ಕೊಡುವ ಕಾಗದ ಅದು. ನಾನು 61.51 ಎಂದು ಶುರು ಮಾಡಿದೆ. “ನಿಯಮ ನನಗೂ ಗೊತ್ತು. ನಾನು ಕೇಳಿದ್ದು ಸಹಿ ಯಾರದು ಅಂತ.” ಕ್ಯಾಪ್ಟನ್ನರದು ಎಂದೆ. ಅವರು ಪುಸ್ತಕ ಮುಚ್ಚಿದರು. ಕೆಲಸ ಸಿಗಲಿಲ್ಲ. ಇದೊಂದೇ ಕಾರಣವೆಂದು ಹೇಳಲಾರೆ. ಆದರೆ ಆಮೇಲಿನ ಅರ್ಧ ಗಂಟೆ ನಾನು ಉತ್ತರ ಕೊಟ್ಟಿದ್ದೆಲ್ಲ ಸಮಜಾಯಿಷಿಯಂತೆಯೇ ಕೇಳಿಸಿತು.

ಏರ್‌ಲೈನ್ ಅರ್ಜಿಗಳನ್ನು ಗಮನಿಸಿ. ಪಿಐಸಿ ಎಂದರೆ ವಿಮಾನದ ಹೊಣೆಗೆ ಸಹಿ ಹಾಕಿದ ಸಮಯ ಮಾತ್ರ ಎಂದು ಅಲ್ಲೇ ಬರೆದಿರುತ್ತಾರೆ. ಹಾಗಿರುವಾಗ ನಿಮ್ಮ 140 ಗಂಟೆ ಯಾವ ಕೆಲಸಕ್ಕೆ ಬಂತು? ಎಟಿಪಿಗೆ ಬೇಕಿದ್ದ 250 ಗಂಟೆ ಪಿಐಸಿಯ ಶರತ್ತನ್ನು ನೀವು ಆಗಲೇ ದಾಟಿದ್ದೀರಿ. ಎಡಗಡೆ ಸೀಟಿಗೆ ಬಡ್ತಿ ಬೇಕೆಂದರೂ 121.436ನೇ ನಿಯಮ ಕೇಳುವ 1,000 ಗಂಟೆಗೆ ನಿಮ್ಮ ಎಸ್‌ಐಸಿ ಸಮಯವೇ ಸಾಕು. ಮುಂದೆ ಯಾವುದಾದರೂ ಖಾಸಗಿ ಜೆಟ್ ಕೆಲಸಕ್ಕೆ ಹೋದರೆ ವಿಮೆಯವರು ಆ ಮಾದರಿಯಲ್ಲಿ ಪಿಐಸಿ ಎಷ್ಟು ಎಂದು ಕೇಳಬಹುದು. ಅಲ್ಲೂ ಯಾವ ಅರ್ಥದಲ್ಲಿ ಕೇಳುತ್ತಿದ್ದೀರಿ ಎಂದು ತಿರುಗಿ ಕೇಳಿಯೇ ಅಂಕಿ ಕೊಡಿ.

ಬರೆದದ್ದನ್ನು ಅಳಿಸಬೇಡಿ, ವೈಟ್ನರ್ ಅಂತೂ ಹತ್ತಿರಕ್ಕೂ ತರಬೇಡಿ. ತಿದ್ದಿದ ಲಾಗ್‌ಬುಕ್ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಖಾಲಿ ಕಾಲಂ ಒಂದಕ್ಕೆ ‘61.51 ಪಿಐಸಿ’ ಎಂದು ಹೆಸರಿಟ್ಟು ಟ್ಯಾಕ್ಸಿ ಕಳೆದ ಗಂಟೆಗಳನ್ನು ಅಲ್ಲಿಗೆ ಹಾಕಿ. ಅದೇ ಲೆಗ್‌ಗಳ ಪೂರ್ತಿ ಸಮಯವನ್ನು ಎಸ್‌ಐಸಿ ಕಾಲಂಗೆ ಸೇರಿಸಿ. ಈಗಿನ ಪುಟದಲ್ಲಿ ತಾರೀಖು ಹಾಕಿ, ಹಳೆಯ ಮೊತ್ತ ಎಷ್ಟಿತ್ತು, ಎಷ್ಟು ಕಳೆದಿರಿ ಎಂದು ಒಂದು ಸಾಲು ಬರೆದು ಸಹಿ ಮಾಡಿ. ನಾನು ಮನೆಗೆ ಬಂದ ರಾತ್ರಿಯೇ ಹೀಗೆ ಮಾಡಿದ್ದು. ಮುಂದಿನ ಇಂಟರ್ವ್ಯೂನಲ್ಲಿ ಆ ಸಾಲನ್ನು ಓದಿದವರು ಏನೂ ಕೇಳದೆ ಪುಟ ತಿರುಗಿಸಿದರು.