ಬಯೋಇನ್ಫರ್ಮ್ಯಾಟಿಕ್ಸ್‌ನಿಂದ ನಿಜಕ್ಕೂ ಔಷಧಿ ಸಿಗುತ್ತದಾ, ಇಲ್ಲ ಬರೀ ಡಾಕಿಂಗ್ ಸ್ಕೋರ್ ಸಿಗುತ್ತದಾ?

ನಿಮ್ಮ ಪ್ರಶ್ನೆ ಓದಿದೆ. ಬಿಎಸ್ಸಿ ಬಯೋಟೆಕ್ನಾಲಜಿ ಮುಗಿದಿದೆ, ಜೀವಿಗಳ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಬಯೋಇನ್ಫರ್ಮ್ಯಾಟಿಕ್ಸ್‌ಗೆ ಎಂಎಸ್ಸಿ ಸೇರೋಣ ಅಂದುಕೊಂಡಿದ್ದೀರಿ, ಅಷ್ಟರಲ್ಲಿ ಸೀನಿಯರ್ ಒಬ್ಬರು "ಅಲ್ಲಿ ಡಾಕಿಂಗ್ ಬಿಟ್ಟರೆ ಏನೂ ಇಲ್ಲ, ಕಂಪ್ಯೂಟರ್ ಮುಂದೆ ಕೂತು ಯಾರೂ ಔಷಧಿ ಕಂಡುಹಿಡಿದಿಲ್ಲ" ಅಂದಿದ್ದಾರೆ. ಇದು ನಿಜವಾ ಅಂತ ಕೇಳಿದ್ದೀರಿ.

ಡಾಕಿಂಗ್ ಅಂದರೆ ಒಂದು ರಾಸಾಯನಿಕ ಒಂದು ಪ್ರೋಟೀನ್‌ಗೆ ಎಷ್ಟು ಬಿಗಿಯಾಗಿ ಅಂಟಬಹುದು ಅಂತ ಕಂಪ್ಯೂಟರಿನಲ್ಲಿ ಅಂದಾಜು ಮಾಡುವುದು. ಅದರ ಬಗ್ಗೆ ಅವರು ಹೇಳಿದ್ದರಲ್ಲಿ ಸ್ವಲ್ಪ ಹುರುಳಿದೆ. ಉಳಿದದ್ದು ತಪ್ಪು. ನಾನು ಬೆಂಗಳೂರಿನಲ್ಲಿ ಎಂಟು ವರ್ಷದಿಂದ ಟಿಬಿ ಬ್ಯಾಕ್ಟೀರಿಯಾದ ಜಿನೋಮ್ (ಅದರ ಡಿಎನ್ಎಯ ಪೂರ್ತಿ ಬರಹ) ಡೇಟಾ ಜೊತೆ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ನನಗೆ ಚೆನ್ನಾಗಿ ಗೊತ್ತಿರುವ ಔಷಧಿಯೊಂದರ ಕಥೆಯನ್ನೇ ಹೇಳುತ್ತೇನೆ.

ಬೆಡಾಕ್ವಿಲಿನ್ ಅಂತ ಒಂದು ಮಾತ್ರೆ ಇದೆ. ಟಿಬಿಯ ಮುಖ್ಯ ಔಷಧಿಗಳಾದ ರಿಫಾಂಪಿಸಿನ್‌ಗೂ ಐಸೋನಿಯಾಜಿಡ್‌ಗೂ ಬಗ್ಗದ ಟಿಬಿ ಇರುತ್ತದಲ್ಲ, ಎಂಡಿಆರ್ ಅನ್ನುತ್ತಾರೆ, ಅದಕ್ಕೆ ಕೊಡುವುದು. ಇದನ್ನು ಕಂಪ್ಯೂಟರ್ ಕಂಡುಹಿಡಿಯಲಿಲ್ಲ. ಜಾನ್ಸನ್ ಅಂಡ್ ಜಾನ್ಸನ್‌ನಲ್ಲಿ ಕೂನ್ ಆಂಡ್ರೀಸ್ ಅವರ ತಂಡ ಹಳೆಯ ದಾರಿಯನ್ನೇ ಹಿಡಿಯಿತು. ಟಿಬಿ ಬ್ಯಾಕ್ಟೀರಿಯಾಕ್ಕೆ ಸ್ಮೆಗ್ಮಾಟಿಸ್ ಅಂತ ಒಂದು ದಾಯಾದಿ ಇದೆ, ಅಪಾಯ ಕಡಿಮೆ, ಬೇಗ ಬೆಳೆಯುತ್ತದೆ. ಅದರ ಮೇಲೆ ಒಂದಾದ ಮೇಲೊಂದು ರಾಸಾಯನಿಕ ಹಾಕಿ ಯಾವುದಕ್ಕೆ ಸಾಯುತ್ತದೆ ಅಂತ ನೋಡಿದರು. ಚೆನ್ನಾಗಿ ಕೊಲ್ಲುವ ಒಂದು ಗುಂಪು ಸಿಕ್ಕಿತು. ಆದರೆ ಹೇಗೆ ಕೊಲ್ಲುತ್ತದೆ ಅನ್ನುವುದು ಯಾರಿಗೂ ತಿಳಿಯಲಿಲ್ಲ. ಆಗ ಬಳಕೆಯಲ್ಲಿದ್ದ ಯಾವ ಟಿಬಿ ಔಷಧಿಯ ರೀತಿಗೂ ಅದು ಹೊಂದುತ್ತಿರಲಿಲ್ಲ.

ಇಲ್ಲಿಂದ ಮುಂದೆ ನಮ್ಮ ಕೆಲಸ. ಬ್ಯಾಕ್ಟೀರಿಯಾವನ್ನು ಆ ಔಷಧಿಯಲ್ಲೇ ಬೆಳೆಸಿದರು. ಕೋಟಿಗಟ್ಟಲೆ ಸತ್ತವು, ಎಲ್ಲೋ ಕೆಲವು ಬದುಕಿದವು. ಬದುಕಿದವುಗಳ ಜಿನೋಮ್ ಓದಿ, ಅವುಗಳ ಮೂಲ ತಳಿಯ ಜಿನೋಮ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿದರು. ಟಿಬಿ ಬ್ಯಾಕ್ಟೀರಿಯಾದ ಪೂರ್ತಿ ಜಿನೋಮ್ 1998ರಲ್ಲೇ ಪ್ರಕಟವಾಗಿತ್ತು. ಸುಮಾರು 44 ಲಕ್ಷ ಅಕ್ಷರ, ಹೆಚ್ಚುಕಡಿಮೆ 4000 ಜೀನ್. ಅಷ್ಟರಲ್ಲಿ, ಬದುಕಿ ಉಳಿದ ತಳಿಗಳಲ್ಲೆಲ್ಲ ಸಮಾನವಾಗಿ ಕೆಟ್ಟಿದ್ದ ಜೀನ್ ಒಂದೇ: ಎಟಿಪಿಇ. ಟಿಬಿಯಲ್ಲಿ ಆ ಪ್ರೋಟೀನ್‌ನ 63ನೇ ಜಾಗದಲ್ಲಿದ್ದ ಅಲನೀನ್ ಅನ್ನುವ ಅಮೈನೋ ಆಮ್ಲ ಹೋಗಿ ಪ್ರೋಲೀನ್ ಬಂದಿತ್ತು. ಬ್ಯಾಕ್ಟೀರಿಯಾಕ್ಕೆ ಶಕ್ತಿ ಒದಗಿಸುವ ಎಟಿಪಿ ಸಿಂಥೇಸ್ ಅನ್ನುವ ಯಂತ್ರವಿದೆ, ಅದರಲ್ಲಿ ತಿರುಗುವ ಚಕ್ರದ ಒಂದು ಭಾಗ ಈ ಪ್ರೋಟೀನ್. ಕೆಟ್ಟ ಜೀನನ್ನು ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಅದೂ ಔಷಧಿಗೆ ಜಗ್ಗಲಿಲ್ಲ. ಅಲ್ಲಿಗೆ ಗುರಿ ಯಾವುದು ಅಂತ ಖಚಿತವಾಯಿತು. ಇದು 2005ರ ಮಾತು. 2012ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಲವತ್ತು ವರ್ಷಕ್ಕೂ ಜಾಸ್ತಿ ಕಾಲದ ಮೇಲೆ ಬಂದ, ಹೊಸ ರೀತಿಯಲ್ಲಿ ಕೆಲಸ ಮಾಡುವ ಮೊದಲ ಟಿಬಿ ಔಷಧಿ ಅದು.

ಔಷಧಿಯನ್ನು ಹುಡುಕಿದ್ದು ಪ್ಲೇಟು, ಪಿಪೆಟ್. ಅದರ ಗುರಿ ಹೇಳಿದ್ದು ಜಿನೋಮ್ ಹೋಲಿಕೆ. ಗುರಿ ಗೊತ್ತಾದ ಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಎಟಿಪಿ ಸಿಂಥೇಸ್ ನಮ್ಮ ದೇಹದಲ್ಲೂ ಇದೆ, ಅದನ್ನೂ ಈ ಔಷಧಿ ನಿಲ್ಲಿಸಿಬಿಟ್ಟರೆ? 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮನುಷ್ಯರ ಯಂತ್ರವನ್ನು ತಡೆಯಲು ಬ್ಯಾಕ್ಟೀರಿಯಾದ ಯಂತ್ರಕ್ಕೆ ಬೇಕಾದ್ದಕ್ಕಿಂತ 20,000 ಪಟ್ಟಿಗೂ ಹೆಚ್ಚು ಔಷಧಿ ಬೇಕಾಯಿತು. ಆದರೂ ತೊಂದರೆ ಬೇರೆ ಕಡೆಯಿಂದ ಬಂತು. ಈ ಮಾತ್ರೆ ಹೃದಯದ ಬಡಿತದ ಲಯವನ್ನು ಸ್ವಲ್ಪ ಏರುಪೇರು ಮಾಡಬಲ್ಲದು. ಅದಕ್ಕೇ ರೋಗಿಗೆ ಮೊದಲೂ ನಡುನಡುವೆಯೂ ಇಸಿಜಿ ಮಾಡುತ್ತಾರೆ. ಒಂದು ಗುರಿಯನ್ನು ಹೋಲಿಸಿ ನೋಡಿದರೆ ಆ ಗುರಿಯ ಬಗ್ಗೆ ಮಾತ್ರ ತಿಳಿಯುತ್ತದೆ, ಇಡೀ ದೇಹದ ಬಗ್ಗೆ ಅಲ್ಲ. ಈ ಎಚ್ಚರ ಇಲ್ಲದಿದ್ದರೆ ಈ ಕೆಲಸಕ್ಕೆ ಬರಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಡಾಕಿಂಗ್‌ಗೆ ಬರೋಣ. ನಾನೂ ಎಂಎಸ್ಸಿಯಲ್ಲಿ ಮಾಡಿದ್ದು ಅದೇ ಪ್ರಾಜೆಕ್ಟ್. ಅಮೃತಬಳ್ಳಿ, ತುಳಸಿ, ಬೇವು ಇವುಗಳಲ್ಲಿರುವ ಸಂಯುಕ್ತಗಳನ್ನು ಒಂದು ಪ್ರೋಟೀನ್‌ಗೆ ಡಾಕ್ ಮಾಡುವುದು. ಸ್ಕೋರ್ ಮೈನಸ್ ಕಡೆ ಹೋದಷ್ಟೂ ಬಿಗಿ ಅಂತ ಲೆಕ್ಕ, ಹಾಗಾಗಿ ಮೈನಸ್ 9 ಬಂದದ್ದನ್ನು ಮೇಲೆ, ಮೈನಸ್ 7 ಬಂದದ್ದನ್ನು ಕೆಳಗೆ ಇಟ್ಟು ಪಟ್ಟಿ ಮಾಡಿ ಕೊಟ್ಟೆ. ಒಳ್ಳೆಯ ಮಾರ್ಕ್ಸೂ ಬಂತು. ಆ ಅಂಕಿಯ ಅರ್ಥ ತಿಳಿದದ್ದು ಆಮೇಲೆ. ಅದು ಕಿಲೋಕ್ಯಾಲರಿ ಲೆಕ್ಕ. ಸುಮಾರು 1.4 ಕಿಲೋಕ್ಯಾಲರಿ ವ್ಯತ್ಯಾಸ ಅಂದರೆ ಅಂಟುವ ಬಿಗಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ನಾವೆಲ್ಲ ಬಳಸುವ ಸಾಫ್ಟ್‌ವೇರ್‌ನ ಅಂದಾಜು ಎರಡು ಕಿಲೋಕ್ಯಾಲರಿಗಿಂತ ಜಾಸ್ತಿಯೇ ಆಚೀಚೆ ಆಗುವುದು ಮಾಮೂಲು. ಅಂದರೆ ನನ್ನ ಪಟ್ಟಿಯ ಮೊದಲನೆಯದಕ್ಕೂ ಹತ್ತನೆಯದಕ್ಕೂ ನಿಜವಾಗಿ ವ್ಯತ್ಯಾಸ ಇತ್ತು ಅಂತ ಹೇಳಲು ಬರುವುದೇ ಇಲ್ಲ. ಜೊತೆಗೆ ಪ್ರೋಟೀನ್ ಕಲ್ಲಿನ ಹಾಗೆ ಕೂತಿರುವುದಿಲ್ಲ, ಅಲುಗಾಡುತ್ತದೆ. ನಡುವೆ ನೀರಿನ ಅಣುಗಳಿರುತ್ತವೆ. ಆ ಸಂಯುಕ್ತ ಜೀವಕೋಶದ ಒಳಗೆ ಹೋಗುತ್ತದಾ, ಹೊಟ್ಟೆಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುತ್ತದಾ ಅನ್ನುವುದನ್ನು ಡಾಕಿಂಗ್ ಹೇಳುವುದೇ ಇಲ್ಲ. ಅರಿಶಿನದ ಕರ್ಕ್ಯುಮಿನ್ ಇದಕ್ಕೆ ಒಳ್ಳೆಯ ಉದಾಹರಣೆ. ಎಷ್ಟೋ ಪರೀಕ್ಷೆಗಳಲ್ಲಿ ಅದು ಕೆಲಸ ಮಾಡಿದಂತೆ ಕಾಣುತ್ತದೆ, ಆದರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಬೇಗ ಒಡೆದುಹೋಗುತ್ತದೆ.

ಹಾಗಂತ ಡಾಕಿಂಗ್ ಬಿಸಾಡಿ ಅನ್ನುತ್ತಿಲ್ಲ. ಲಕ್ಷಗಟ್ಟಲೆ ಸಂಯುಕ್ತಗಳಲ್ಲಿ ಯಾವುದನ್ನು ಮೊದಲು ತರಿಸಿ ಪರೀಕ್ಷೆ ಮಾಡಬೇಕು ಅಂತ ಜರಡಿ ಹಿಡಿಯಲು ಅದು ಬೇಕು. ಪರೀಕ್ಷೆ ಮಾಡುವವರೇ ಇಲ್ಲದೆ ಬರೀ ಜರಡಿ ಹಿಡಿದು ನಿಲ್ಲಿಸಿದರೆ ಪ್ರಯೋಜನವಿಲ್ಲ. ಕೋವಿಡ್ ಸಮಯದಲ್ಲಿ ಅದನ್ನು ಕಣ್ಣಾರೆ ಕಂಡೆವು. ವೈರಸ್ಸಿನ ಮುಖ್ಯ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ)‌ನ ರಚನೆ 2020ರ ಫೆಬ್ರವರಿಗೇ ಎಲ್ಲರಿಗೂ ಪುಕ್ಕಟೆ ಸಿಕ್ಕಿತು. ಜಗತ್ತಿನಾದ್ಯಂತ ಡಾಕಿಂಗ್ ಲೇಖನಗಳ ರಾಶಿಯೇ ಬಿತ್ತು. ಅದೇ ಪ್ರೋಟಿಯೇಸ್ ಮೇಲೆ ಕೆಲಸ ಮಾಡುವ ಪ್ಯಾಕ್ಸ್‌ಲೋವಿಡ್ ಮಾತ್ರೆ ಬಂದದ್ದು 2003ರ ಸಾರ್ಸ್ ಕಾಲದಲ್ಲಿ ಫೈಝರ್ ಮಾಡಿಟ್ಟಿದ್ದ ಸಂಯುಕ್ತವೊಂದನ್ನು ಕೈಗೆತ್ತಿಕೊಂಡು, ಮತ್ತೆ ಮತ್ತೆ ಬದಲಾಯಿಸಿ, ಪ್ರತಿ ಬದಲಾವಣೆಯನ್ನೂ ಲ್ಯಾಬಿನಲ್ಲಿ ಪರೀಕ್ಷಿಸಿದ್ದರಿಂದ.

ಬಯೋಇನ್ಫರ್ಮ್ಯಾಟಿಕ್ಸ್‌ನ ಅತಿ ದೊಡ್ಡ ಉಪಯೋಗ ಎಲ್ಲಿದೆ ಅಂದರೆ, ಯಾವ ಗುರಿಯ ಹಿಂದೆ ಹೋಗಬೇಕು ಅಂತ ಆರಿಸುವುದರಲ್ಲಿ. ಪಿಸಿಎಸ್‌ಕೆ9 ಅಂತ ಜೀನ್ ಇದೆ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಇದರ ಅಕ್ಷರ ಬದಲಾವಣೆ, ಅಂದರೆ ಮ್ಯುಟೇಶನ್‌ನಿಂದ ಕೊಲೆಸ್ಟ್ರಾಲ್ ಏರುವುದು ಕಂಡಿತ್ತು. ಆಮೇಲೆ ಅಮೆರಿಕದಲ್ಲಿ ವಿಜ್ಞಾನಿಗಳಾದ ಹೆಲೆನ್ ಹಾಬ್ಸ್, ಜೊನಾಥನ್ ಕೋಹೆನ್ ಉಲ್ಟಾ ನೋಡಿದರು: ಈ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದವರ ಗತಿ ಏನು? ಅಂಥ ಕಪ್ಪು ಜನಾಂಗದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಶೇ. 28ರಷ್ಟು ಕಡಿಮೆ ಇತ್ತು, ಹೃದಯದ ರಕ್ತನಾಳದ ಕಾಯಿಲೆ ಶೇ. 88ರಷ್ಟು ಕಡಿಮೆ. ಬೇರೆ ತೊಂದರೆಯೂ ಕಾಣಲಿಲ್ಲ. ಪ್ರಕೃತಿಯೇ ಮೊದಲು ಟ್ರಯಲ್ ಮಾಡಿಟ್ಟ ಹಾಗೆ, ಅಲ್ವಾ? 2015ರಲ್ಲಿ ಈ ಪ್ರೋಟೀನನ್ನು ತಡೆಯುವ ಎರಡು ಇಂಜೆಕ್ಷನ್‌ಗಳು ಬಂದವು. ಹೀಗೆ ಮನುಷ್ಯರ ಜೀನ್‌ನಲ್ಲೇ ಆಧಾರ ಇರುವ ಗುರಿಗಳಿಗೆ ಔಷಧಿಯಾಗಿ ಹೊರಬರುವ ಸಾಧ್ಯತೆ 2.6 ಪಟ್ಟು ಜಾಸ್ತಿ ಅಂತ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಮನುಷ್ಯರ ಮೇಲೆ ಪರೀಕ್ಷೆಗೆ ಹೋದ ಹತ್ತರಲ್ಲಿ ಸುಮಾರು ಒಂಬತ್ತು ಔಷಧಿಗಳು ಬಿದ್ದುಹೋಗುವ ಕ್ಷೇತ್ರದಲ್ಲಿ ಇದು ಸಣ್ಣ ಮಾತಲ್ಲ.

ಔಷಧಿ ಅಂಗಡಿಗೆ ಬಂದ ಮೇಲೂ ನಮ್ಮ ಕೆಲಸ ಮುಗಿಯುವುದಿಲ್ಲ. ಬೆಡಾಕ್ವಿಲಿನ್‌ಗೂ ಈಗ ಪ್ರತಿರೋಧ ಶುರುವಾಗಿದೆ. ಹೆಚ್ಚಿನ ಸಲ ಅದು ಎಟಿಪಿಇ ಜೀನ್‌ನಲ್ಲಿ ಬರುವುದಿಲ್ಲ. ಬ್ಯಾಕ್ಟೀರಿಯಾದಲ್ಲಿ ಔಷಧಿಯನ್ನು ಆಚೆ ದೂಡುವ ಒಂದು ಪಂಪ್ ಇದೆ, ಆ ಪಂಪಿಗೆ ಕಡಿವಾಣ ಹಾಕುವ ಜೀನ್ ಕೆಟ್ಟರೆ ಸಾಕು. ಯಾವ ಮ್ಯುಟೇಶನ್ ಇದ್ದರೆ ಯಾವ ಔಷಧಿ ನಡೆಯುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದೆ. 2023ರ ಆವೃತ್ತಿಯ ಹಿಂದೆ 52,000ಕ್ಕೂ ಜಾಸ್ತಿ ಬ್ಯಾಕ್ಟೀರಿಯಾ ಮಾದರಿಗಳ ಡೇಟಾ ಇದೆ.

ನನ್ನ ದಿನದ ಕೆಲಸ ಇದಕ್ಕೆ ಹತ್ತಿರದ್ದು. ಒಮ್ಮೆ ಕಫದಿಂದ ನೇರವಾಗಿ ಸೀಕ್ವೆನ್ಸ್ ಮಾಡಿದ, ಅಂದರೆ ಡಿಎನ್ಎ ತುಣುಕು ತುಣುಕಾಗಿ (ಒಂದೊಂದು ತುಣುಕಿಗೂ ರೀಡ್ ಅನ್ನುತ್ತಾರೆ) ಓದಿದ ಫೈಲ್ ಬಂದಿತ್ತು. ಆರ್‌ಆರ್‌ಎಸ್ ಜೀನ್‌ನ ಒಂದು ಜಾಗದಲ್ಲಿ ನೂರಕ್ಕೆ ಹದಿನೈದು ರೀಡ್‌ಗಳಲ್ಲಿ ಬೇರೆ ಅಕ್ಷರ. ಅಮಿಕಾಸಿನ್ ಇಂಜೆಕ್ಷನ್‌ಗೆ ಪ್ರತಿರೋಧ ಹೆಚ್ಚಾಗಿ ಬರುವುದು ಈ ಜೀನ್‌ನಿಂದಲೇ. ಪ್ರತಿರೋಧ ಇರುವ ತಳಿ ಸ್ವಲ್ಪ ಬೆರೆತಿದೆ ಅಂತಲೇ ಬರೆಯಲು ಹೊರಟಿದ್ದೆ. ಯಾಕೋ ಮನಸ್ಸು ಒಪ್ಪಲಿಲ್ಲ. ಆ ಹದಿನೈದನ್ನಷ್ಟೇ ಬೇರೆ ತೆಗೆದು, ಯಾವ ಜೀವಿಯದ್ದು ಅಂತ ಹುಡುಕಿಕೊಡುವ ಬ್ಲಾಸ್ಟ್‌ಗೆ ಹಾಕಿದೆ. ಒಂದೂ ಟಿಬಿಯದ್ದಲ್ಲ. ಬಾಯಲ್ಲಿ ಮಾಮೂಲಾಗಿ ಇರುವ ಸ್ಟ್ರೆಪ್ಟೋಕಾಕಸ್‌ನವು, ಎಂಜಲಿನ ಜೊತೆ ಬಂದಿದ್ದವು. ಆ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ತಪ್ಪು ಜಾಗಕ್ಕೆ ಬಂದು ಕೂತಿದ್ದವು. ಸುಮ್ನೆ ಸಾಫ್ಟ್‌ವೇರ್ ಹೇಳಿದ್ದನ್ನು ಕಳಿಸಿಬಿಟ್ಟಿದ್ದರೆ, ಕೆಲಸ ಮಾಡುವ ಔಷಧಿಯನ್ನೇ ಒಬ್ಬ ರೋಗಿಗೆ ಇಲ್ಲ ಅಂದ ಹಾಗಾಗುತ್ತಿತ್ತು. ಇವತ್ತಿಗೂ ರಿಪೋರ್ಟ್ ಬರೆಯುವಾಗ ಆ ಫೈಲ್ ನೆನಪಾಗುತ್ತದೆ.

ಆದ್ದರಿಂದ ಸೇರಿ. ಆದರೆ ಕೋರ್ಸ್ ಆರಿಸುವಾಗ ಸಂಖ್ಯಾಶಾಸ್ತ್ರ, ಲಿನಕ್ಸ್, ಪೈಥಾನ್ ಗಟ್ಟಿಯಾಗಿ ಕಲಿಸುತ್ತಾರಾ, ಪಕ್ಕದಲ್ಲಿ ಒಂದು ವೆಟ್ ಲ್ಯಾಬ್ (ಕೈಯಾರೆ ಪ್ರಯೋಗ ಮಾಡುವ ಲ್ಯಾಬ್) ಇದೆಯಾ ಅಂತ ವಿಚಾರಿಸಿ.

ಸೇರುವ ಮೊದಲೇ ಒಂದು ಸಂಜೆ ಇದನ್ನು ಮಾಡಿ ನೋಡಿ. ಪ್ರೋಟೀನ್‌ಗಳ ಡೇಟಾಬೇಸ್ ಯೂನಿಪ್ರಾಟ್ ತೆರೆದು ಟಿಬಿಯ ಎಟಿಪಿಇ ತೆಗೆಯಿರಿ, ಜೀನ್ ನಂಬರ್ ಆರ್‌ವಿ1305, ಬರೀ 81 ಅಮೈನೋ ಆಮ್ಲ. ಜೊತೆಗೆ ನಮ್ಮ ಯಂತ್ರದಲ್ಲಿ ಅದೇ ಕೆಲಸ ಮಾಡುವ ಮನುಷ್ಯರ ಎಟಿಪಿ5ಎಂಸಿ1 ತೆಗೆಯಿರಿ. ಅದು 136 ಇದೆ, ಮುಂದಿನ ಭಾಗ ದೇಹದಲ್ಲಿ ಕತ್ತರಿಸಿಹೋಗುತ್ತದೆ, ಕೊನೆಯ 75 ಇಟ್ಟುಕೊಂಡರೆ ಸಾಕು. ಎರಡನ್ನೂ ಅಲೈನ್ ಮಾಡಿ (ಮೇಲೆ ಕೆಳಗೆ ಹೊಂದಿಸಿಟ್ಟು), ಟಿಬಿಯ ಕಡೆಯಿಂದ 61ರ ತನಕ ಎಣಿಸಿ. ಅಲ್ಲಿ ಎರಡರಲ್ಲೂ ಗ್ಲುಟಮೇಟ್, ಯಂತ್ರ ತಿರುಗಲು ಪ್ರೋಟಾನ್ ಹಿಡಿಯುವುದು ಅದೇ. 62 ಕೂಡ ಒಂದೇ. 63ರಲ್ಲಿ ಟಿಬಿಯದ್ದು ಅಲನೀನ್, ನಮ್ಮದು ಮೆಥಿಯೋನೀನ್. 64ರಲ್ಲಿ ಅಲ್ಲಿ ಟೈರೋಸೀನ್, ನಮ್ಮಲ್ಲಿ ಬರೀ ಗ್ಲೈಸೀನ್. ಎಣಿಸುವಾಗ ಎಲ್ಲಾದರೂ ತಪ್ಪಿದರೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.